ರಕ್ತನಿಧಿಯ ಶಿಲ್ಪಿ ಡಾ. ಚಾರ್ಲ್ಸ್ ಡ್ರೂ

ರಕ್ತನಿಧಿಯಿಂದ ತಂದ ರಕ್ತ ನಮ್ಮ ಆಪ್ತರ ಪ್ರಾಣ ಉಳಿಸಿದಾಗ ಅದನ್ನಿತ್ತವರ ಕುಲ ಯಾವುದೆಂದು ನಾವು ಕೇಳುವುದಿಲ್ಲ. ಆದರೆ ರಕ್ತನಿಧಿಗೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರಾದ ಡಾ. ಚಾರ್ಲ್ಸ್ ಡ್ರೂ ಅವರ ಸ್ವಂತ ನಾಡಿನಲ್ಲಿ ಈ ಪ್ರಶ್ನೆಯನ್ನು ಕೇಳಲಾಗುತ್ತಿತ್ತು.

ಡ್ರೂ ಅವರು 1904ರ ಜೂನ್ 3ರಂದು ಅಮೆರಿಕದ ವಾಷಿಂಗ್ಟನ್ ನಗರದ ಕಪ್ಪುವರ್ಣೀಯ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಮನೆಗಳಿಗೆ ರತ್ನಗಂಬಳಿ ಹಾಸುವ ಕೆಲಸಗಾರ. ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಕ್ರೀಡಾಪಟುವಾಗಿ ಹೆಸರು ಗಳಿಸಿದ ಅವರು, 1933ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದರು.

ಆ ದಿನಗಳಲ್ಲಿ ಸಂಗ್ರಹಿಸಿಟ್ಟ ರಕ್ತ ಹೆಚ್ಚು ದಿನ ಬಾಳುತ್ತಿರಲಿಲ್ಲ. 1937ರಲ್ಲಿ ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಡಾ. ಬರ್ನಾರ್ಡ್ ಫ್ಯಾಂಟಸ್ ಇಂತಹ ಸಂಗ್ರಹಕ್ಕೆ ಬ್ಲಡ್ ಬ್ಯಾಂಕ್ ಎಂಬ ಹೆಸರಿತ್ತಿದ್ದರು. ಡ್ರೂ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ರಕ್ತವನ್ನು ಕಾಪಿಡುವ ವಿಧಾನಗಳನ್ನು ಆಳವಾಗಿ ಅಭ್ಯಸಿಸಿ 1940ರಲ್ಲಿ ಡಾಕ್ಟರೇಟ್ ಗಳಿಸಿದರು. ಕಣಗಳನ್ನು ಬೇರ್ಪಡಿಸಿದ ಬಳಿಕ ಉಳಿಯುವ ಪ್ಲಾಸ್ಮಾ ಎಂಬ ದ್ರವವು ಪೂರ್ಣ ರಕ್ತಕ್ಕಿಂತ ಬಹುಕಾಲ ಕೆಡದೆ ಉಳಿಯುತ್ತದೆ. ದೂರ ಸಾಗಿಸಲೂ ಸುಲಭ.

ಯುದ್ಧದ ಬೆಂಕಿಯಲ್ಲಿ ಬ್ರಿಟನ್ ಬೇಯುತ್ತಿದ್ದ ಆ ವರ್ಷವೇ ಅಲ್ಲಿಗೆ ಪ್ಲಾಸ್ಮಾ ಕಳುಹಿಸುವ ಯೋಜನೆಯ ವೈದ್ಯಕೀಯ ಹೊಣೆ ಅವರ ಹೆಗಲೇರಿತು. ನ್ಯೂಯಾರ್ಕಿನ ಹಲವು ಆಸ್ಪತ್ರೆಗಳಲ್ಲಿ ಒಂದೇ ಕ್ರಮ, ಒಂದೇ ಶುಚಿತ್ವ, ಒಂದೇ ಪರೀಕ್ಷೆ ಎಂಬ ಶಿಸ್ತನ್ನು ಅವರು ತಂದರು. ಸುಮಾರು 14,500 ಜನ ರಕ್ತವಿತ್ತರು. 1941ರಲ್ಲಿ ಅಮೆರಿಕನ್ ರೆಡ್‌ಕ್ರಾಸ್‌ನ ಪ್ರಾಯೋಗಿಕ ರಕ್ತನಿಧಿಯ ಮುಂದಾಳತ್ವದಲ್ಲೂ ಅವರು ಪಾಲ್ಗೊಂಡರು.

ಮುಂದಿನ ಸಂಗತಿ ನೋವಿನದು. ಸೈನ್ಯಕ್ಕಾಗಿ ರಾಷ್ಟ್ರವ್ಯಾಪಿಯಾಗಿ ರಕ್ತಸಂಗ್ರಹಣೆ ಆರಂಭವಾದಾಗ ಕಪ್ಪುವರ್ಣೀಯರ ರಕ್ತ ಬೇಡವೆನ್ನಲಾಯಿತು. 1942ರಲ್ಲಿ ಸ್ವೀಕರಿಸಲೊಪ್ಪಿದರೂ ಬಿಳಿಯರ ರಕ್ತದಿಂದ ಬೇರೆಯಾಗಿರಿಸಲಾಯಿತು. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯದ ಅಧ್ಯಾಪನಕ್ಕೆ ಆಗಲೇ ಮರಳಿದ್ದ ಡ್ರೂ, ಈ ಭೇದಕ್ಕೆ ವಿಜ್ಞಾನದ ಆಧಾರವಿಲ್ಲವೆಂದು ಸಾರಿದರು. ಕಪ್ಪುವರ್ಣೀಯ ತರುಣರನ್ನು ನುರಿತ ಶಸ್ತ್ರವೈದ್ಯರನ್ನಾಗಿ ರೂಪಿಸುವುದೇ ಅವರ ಉಳಿದ ಬದುಕಿನ ಕಾಯಕವಾಯಿತು.

1950ರ ಏಪ್ರಿಲ್ 1ರಂದು ಉತ್ತರ ಕೆರೊಲಿನಾದಲ್ಲಿ ಸಂಭವಿಸಿದ ಕಾರು ಅಪಘಾತದಲ್ಲಿ, 45ರ ಹರೆಯದಲ್ಲೇ ಅವರು ಅಸುನೀಗಿದರು. ಬಿಳಿಯರ ಆಸ್ಪತ್ರೆ ಅವರಿಗೆ ರಕ್ತ ನಿರಾಕರಿಸಿತೆಂಬ ಕಥೆ ಇಂದಿಗೂ ಹರಿದಾಡುತ್ತದೆ. ಅದು ನಿಜವಲ್ಲ, ಅಲ್ಲಿನ ವೈದ್ಯರು ಅವರನ್ನುಳಿಸಲು ಶ್ರಮಿಸಿದರು, ಗಾಯಗಳು ಮಾರಣಾಂತಿಕವಾಗಿದ್ದವು. ಆದರೂ ಜನ ಆ ಕಥೆಯನ್ನು ನಂಬಿದರೆಂದರೆ, ಅಂತಹ ಅನ್ಯಾಯ ಎಷ್ಟು ಸಾಮಾನ್ಯವಾಗಿತ್ತೆಂಬುದನ್ನು ನಾವು ಊಹಿಸಬಹುದು.

ಅದೇ ವರ್ಷ ರೆಡ್‌ಕ್ರಾಸ್ ರಕ್ತಕ್ಕೆ ವರ್ಣದ ಚೀಟಿ ಅಂಟಿಸುವುದನ್ನು ಕೈಬಿಟ್ಟಿತು. ಡ್ರೂ ಮೊದಲೇ ಅರಿತಿದ್ದ ಸತ್ಯವನ್ನು ಒಪ್ಪಲು ಅವರ ನಾಡಿಗೆ ಅಷ್ಟು ಕಾಲ ಬೇಕಾಯಿತು.