ಹರ್ಮನ್ ಜೋಸೆಫ್ ಮುಲ್ಲರ್

ಹರ್ಮನ್ ಜೋಸೆಫ್ ಮುಲ್ಲರ್ (ಡಿಸೆಂಬರ್ 21, 1890 – ಏಪ್ರಿಲ್ 5, 1967) ಅಮೆರಿಕದ ತಳಿವಿಜ್ಞಾನಿ. ಕ್ಷ-ಕಿರಣಗಳು ವಂಶವಾಹಿಗಳಲ್ಲಿ ಉತ್ಪರಿವರ್ತನೆ ಉಂಟುಮಾಡುತ್ತವೆಂದು ತೋರಿಸಿದ್ದಕ್ಕಾಗಿ 1946ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಪಡೆದರು. ವರ್ಣತಂತುವಿನ ತುದಿಗೆ 'ಟೆಲೊಮಿಯರ್' ಎಂದು ಹೆಸರಿಟ್ಟವರೂ ಇವರೇ.

ಜೀವನ

ನ್ಯೂಯಾರ್ಕ್ ನಗರದಲ್ಲಿ ಜನಿಸಿದ ಮುಲ್ಲರ್, ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರ ಹಣ್ಣುನೊಣ ಸಂಶೋಧನಾ ತಂಡದಲ್ಲಿ ಪಳಗಿದರು. 1920ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯ ಸೇರಿ, 1927ರಲ್ಲಿ ಕ್ಷ-ಕಿರಣ ಪ್ರಯೋಗಗಳ ಫಲಿತಾಂಶವನ್ನು ಪ್ರಕಟಿಸಿದರು. 1933ರಲ್ಲಿ ಸೋವಿಯತ್ ಒಕ್ಕೂಟಕ್ಕೆ ತೆರಳಿದರು. ಅಲ್ಲಿ ಲೈಸೆಂಕೊನ ವಾದವನ್ನು ಬಹಿರಂಗವಾಗಿ ವಿರೋಧಿಸಿದ ಇವರು 1937ರಲ್ಲಿ ಆ ದೇಶವನ್ನು ತೊರೆಯಬೇಕಾಯಿತು. ಎಡಿನ್‌ಬರೋದಲ್ಲಿ ಕೆಲಕಾಲವಿದ್ದು 1940ರಲ್ಲಿ ಸ್ವದೇಶಕ್ಕೆ ಮರಳಿದರು. 1945ರಿಂದ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿದ್ದರು.

ಟೆಲೊಮಿಯರ್

ಕಿರಣಗಳ ಹೊಡೆತಕ್ಕೆ ವರ್ಣತಂತುಗಳು ಮುರಿದು, ಮುರಿದ ಭಾಗಗಳು ಪರಸ್ಪರ ಬೆಸೆದುಕೊಳ್ಳುತ್ತಿದ್ದವು. ಆದರೆ ಸಹಜ ತುದಿಗಳು ಹಾಗೆ ಬೆಸೆಯುತ್ತಿರಲಿಲ್ಲ. ತುದಿಗೆ ವಿಶೇಷ ರಕ್ಷಣೆಯಿದೆಯೆಂದು ತರ್ಕಿಸಿದ ಮುಲ್ಲರ್, ತುದಿ ಮತ್ತು ಭಾಗ ಎಂಬರ್ಥದ ಗ್ರೀಕ್ ಪದಗಳನ್ನು ಕೂಡಿಸಿ 1938ರಲ್ಲಿ ಈ ಹೆಸರನ್ನಿತ್ತರು.

ನಂತರದ ಬೆಳವಣಿಗೆಗಳು

ತುದಿಯ ರಾಸಾಯನಿಕ ಸ್ವರೂಪ ತಿಳಿದದ್ದು ಇವರ ಮರಣಾನಂತರ. ಮಾನವನ ಟೆಲೊಮಿಯರಿನಲ್ಲಿ ಟಿಟಿಎಜಿಜಿಜಿ ಎಂಬ ಅನುಕ್ರಮ ಸಾವಿರಾರು ಸಲ ಪುನರಾವರ್ತಿಸುತ್ತದೆ. ಇದರ ಒಂಟಿ ಎಳೆಯಲ್ಲಿ ನಾಲ್ಕು ಗ್ವಾನಿನ್‌ಗಳು ಜಲಜನಕ ಬಂಧಗಳಿಂದ ಚೌಕವಾಗಿ ಕೂಡುತ್ತವೆ. ಇಂಥ ಚೌಕಗಳು ಒಂದರ ಮೇಲೊಂದು ಪೇರಿಕೊಂಡು, ಪೊಟ್ಯಾಸಿಯಮ್ ಅಯಾನುಗಳ ನೆರವಿನಿಂದ ಸ್ಥಿರವಾಗಿ ನಿಲ್ಲುತ್ತವೆ. ಇದಕ್ಕೆ ಜಿ-ಕ್ವಾಡ್ರುಪ್ಲೆಕ್ಸ್ ಎಂದು ಹೆಸರು.

ಅಯಾನೀಕರಿಸುವ ವಿಕಿರಣವು ಕೋಶದಲ್ಲಿನ ನೀರನ್ನು ಒಡೆದು ಅತಿಚುರುಕಿನ ಕಣಗಳನ್ನು ಹುಟ್ಟಿಸುತ್ತದೆ. ಅವು ಗ್ವಾನಿನನ್ನು ಉತ್ಕರ್ಷಿಸಿ 8-ಆಕ್ಸೊಗ್ವಾನಿನ್ ಆಗಿಸಬಲ್ಲವು. ಆಗ ಅದರ ಏಳನೆಯ ಸ್ಥಾನದ ಸಾರಜನಕಕ್ಕೆ ಜಲಜನಕವೊಂದು ಸೇರುವುದರಿಂದ, ಚೌಕಕ್ಕೆ ಬೇಕಾದ ಬಂಧ ತಪ್ಪಿ ಮಡಿಕೆ ಸಡಿಲವಾಗುತ್ತದೆ. ಪರಿಣಾಮ ಕೇವಲ ಹಾನಿಯಲ್ಲ: ಬಿಗಿಯಾದ ಮಡಿಕೆ ತುದಿಯನ್ನು ಬೆಳೆಸುವ ಟೆಲೊಮರೇಸ್ ಕಿಣ್ವವನ್ನು ತಡೆಯಬಲ್ಲುದು; ಮಡಿಕೆ ಸಡಿಲಿದಾಗ ಕಿಣ್ವಕ್ಕೆ ದಾರಿ ತೆರೆಯುವುದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಮುಲ್ಲರ್ ಅಧ್ಯಯನ ಮಾಡಿದ ಹಣ್ಣುನೊಣದ ತುದಿಗಳಲ್ಲಿ ಮಾತ್ರ ಈ ಅನುಕ್ರಮವಿಲ್ಲ. ಅಲ್ಲಿ ಸ್ಥಾನ ಬದಲಿಸುವ ವಂಶಧಾತುಗಳು ಆ ಕೆಲಸ ಮಾಡುತ್ತವೆ. ಆದರೂ ತುದಿಗೆ ವಿಶೇಷ ರಕ್ಷಣೆ ಬೇಕೆಂಬ ಅವರ ತೀರ್ಮಾನ ಎರಡು ಬಗೆಯ ಜೀವಿಗಳಿಗೂ ಸಲ್ಲುತ್ತದೆ.

ವಿಕಿರಣದ ಕುರಿತ ಎಚ್ಚರಿಕೆ

ವಿಕಿರಣದ ಹಾನಿ ಮುಂದಿನ ಪೀಳಿಗೆಗಳಿಗೂ ಸಾಗುತ್ತದೆಂದು ಮುಲ್ಲರ್ ವೈದ್ಯರನ್ನೂ ಸರ್ಕಾರಗಳನ್ನೂ ಎಚ್ಚರಿಸುತ್ತಲೇ ಇದ್ದರು. ಅಣ್ವಸ್ತ್ರಗಳ ವಿರುದ್ಧದ 1955ರ ರಸೆಲ್–ಐನ್‌ಸ್ಟೈನ್ ಪ್ರಣಾಳಿಕೆಗೆ ಸಹಿ ಹಾಕಿದವರಲ್ಲಿ ಇವರೂ ಒಬ್ಬರು. ಇಂಡಿಯಾನಾಪೊಲಿಸ್‌ನಲ್ಲಿ ನಿಧನರಾದರು.