ಕಿರುಚುವ ಫ್ಯಾನ್ ಬೆಲ್ಟ್‌ಗೆ ಪೌಡರ್ ಮದ್ದೇ? ಗುಡ್‌ಇಯರ್ ಬದುಕಿನಲ್ಲಿದೆ ಉತ್ತರ

ಮಳಖೇಡ, ಸೇಡಂ, ವಾಡಿ ಕಡೆ ಸಿಮೆಂಟ್ ಹೊರುವ, ಶಹಾಬಾದ್ ಕಡೆ ಪರ್ಸಿ ಕಲ್ಲು ಸಾಗಿಸುವ ಹಳೆಯ ಲಾರಿಗಳಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಕೀಂ ಎಂಬ ಸದ್ದು ಬರುವುದುಂಟು. ಹೆಚ್ಚಿನ ಸಲ ಅದು ಫ್ಯಾನ್ ಬೆಲ್ಟ್ ಜಾರುವ ಸದ್ದು. ಸೋಪು ಉಜ್ಜಿ, ಪೌಡರ್ ಉದುರಿಸಿ, ಎರಡು ಹನಿ ಎಣ್ಣೆ ಬಿಡಿ ಎಂಬ ಸಲಹೆಗಳಿಗೆ ಕೊರತೆಯಿಲ್ಲ. ಸದ್ದು ಸ್ವಲ್ಪ ಹೊತ್ತು ನಿಲ್ಲಲೂಬಹುದು. ಆದರೆ ದೋಷ ಹಾಗೇ ಇರುತ್ತದೆ. ರಬ್ಬರಿಗೆ ಮೇಲುಮೇಲಿನ ಮದ್ದು ಹಚ್ಚಿ ಕೈಸುಟ್ಟುಕೊಂಡವರಲ್ಲಿ ಒಬ್ಬರು, ಅದೇ ರಬ್ಬರನ್ನು ಬಳಕೆಗೆ ತಂದ ಚಾರ್ಲ್ಸ್ ಗುಡ್‌ಇಯರ್.

ಜೈಲಿನಲ್ಲಿ ಶುರುವಾದ ಪ್ರಯೋಗ

ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಅಮೆರಿಕದ ನ್ಯೂ ಹೇವನ್‌ನಲ್ಲಿ. ಅವರು ರಸಾಯನಶಾಸ್ತ್ರ ಓದಿದವರಲ್ಲ, ಹಾರ್ಡ್‌ವೇರ್ ವ್ಯಾಪಾರಿ. ವ್ಯಾಪಾರ ಮುಳುಗಿ ಸಾಲಗಾರರಾದರು. 1834ರಲ್ಲಿ ನ್ಯೂಯಾರ್ಕ್‌ನ ರಬ್ಬರ್ ಅಂಗಡಿಯೊಂದಕ್ಕೆ, ಗಾಳಿ ತುಂಬುವ ಜೀವರಕ್ಷಕ ಸಾಧನಕ್ಕೆ ಹೊಸ ವಾಲ್ವ್ ಮಾಡಿಕೊಂಡು ಹೋದರು. ತೊಂದರೆ ಇರುವುದು ವಾಲ್ವ್‌ನಲ್ಲಲ್ಲ, ರಬ್ಬರಿನಲ್ಲೇ ಎಂದು ಅಂಗಡಿಯವರು ತಿಳಿಸಿದರು. ಆಗಿನ ರಬ್ಬರ್ ಬೇಸಿಗೆಯಲ್ಲಿ ಕರಗಿ ಅಂಟುತ್ತಿತ್ತು, ಚಳಿಯಲ್ಲಿ ಕಲ್ಲಿನಂತಾಗುತ್ತಿತ್ತು.

ಊರಿಗೆ ಮರಳಿದ ಅವರನ್ನು ಸಾಲಕ್ಕಾಗಿ ಜೈಲಿಗೆ ಹಾಕಲಾಯಿತು. ಹೆಂಡತಿಯ ಲಟ್ಟಣಿಗೆ ಹಿಡಿದು ಅಲ್ಲೇ ರಬ್ಬರ್ ನಾದತೊಡಗಿದರು. ಅಂಟು ಹೋಗಲೆಂದು ಮೆಗ್ನೀಷಿಯಾ ಪುಡಿ ಬೆರೆಸಿದರು. ಚೆನ್ನಾಗಿ ಕಂಡಿತು, ಬೇಸಿಗೆ ಬಂದಾಗ ಮತ್ತೆ ಅಂಟಿತು. ನಂತರ ನೈಟ್ರಿಕ್ ಆಮ್ಲ ಬಳಸಿದರು. ಮೇಲ್ಮೈ ನಯವಾಯಿತು, 150 ಅಂಚೆ ಚೀಲಗಳ ಸರ್ಕಾರಿ ಆರ್ಡರೂ ಸಿಕ್ಕಿತು. ಸೆಕೆಗೆ ಆ ಚೀಲಗಳೂ ಕರಗಿಹೋದವು. ಮದ್ದು ರಬ್ಬರಿನ ಒಳಕ್ಕೆ ಇಳಿದಿರಲಿಲ್ಲ.

ಬಿಸಿ ಒಲೆ ಕೊಟ್ಟ ಉತ್ತರ

ನತಾನಿಯಲ್ ಹೇವರ್ಡ್ ಎಂಬವರಿಂದ ಗುಡ್‌ಇಯರ್ ಗಂಧಕ ಬೆರೆಸುವ ವಿಧಾನ ಪಡೆದರು. 1839ರಲ್ಲಿ ಗಂಧಕ ಬೆರೆತ ರಬ್ಬರ್ ಬಿಸಿ ಒಲೆಗೆ ತಾಗಿತು. ಕರಗುವ ಬದಲು ಅದು ಚರ್ಮದಂತೆ ಗಟ್ಟಿಯಾಯಿತು. ಶಾಖಕ್ಕೆ ಗಂಧಕವು ರಬ್ಬರಿನ ಉದ್ದುದ್ದ ಅಣುಗಳ ನಡುವೆ ಕೊಂಡಿ ಹಾಕುತ್ತದೆ. ಇದೇ ವಲ್ಕನೈಸೇಷನ್. 1844ರ ಜೂನ್ 15ರಂದು ಅವರಿಗೆ ಪೇಟೆಂಟ್ ಸಿಕ್ಕಿತು. ದುಡ್ಡು ಮಾತ್ರ ಉಳಿಯಲಿಲ್ಲ. ಬಡತನದಲ್ಲೇ ಹಲವು ಮಕ್ಕಳನ್ನು ಕಳೆದುಕೊಂಡಿದ್ದ ಅವರು 1860ರ ಜುಲೈ 1ರಂದು ತೀರಿಕೊಂಡಾಗ ಸುಮಾರು 2 ಲಕ್ಷ ಡಾಲರ್ ಸಾಲವಿತ್ತು.

ಗುಡ್‌ಇಯರ್ ಟೈರ್ ಕಂಪನಿ ಇವರದೇ?

ಅಲ್ಲ. ಅದನ್ನು ಫ್ರಾಂಕ್ ಸೈಬರ್ಲಿಂಗ್ 1898ರಲ್ಲಿ ಆರಂಭಿಸಿದರು. ಚಾರ್ಲ್ಸ್ ತೀರಿಕೊಂಡು ಆಗಲೇ 38 ವರ್ಷವಾಗಿತ್ತು. ಗೌರವಕ್ಕಾಗಿ ಅವರ ಹೆಸರಿಟ್ಟರು, ಅಷ್ಟೇ.

ಹಾಗಾದರೆ ಬೆಲ್ಟ್‌ಗೆ ಏನು ಮಾಡಬೇಕು?

ಗುಡ್‌ಇಯರ್ ಕಲಿತ ಪಾಠವೇ ಇಲ್ಲಿಗೂ ಸಲ್ಲುತ್ತದೆ: ಮೇಲೆ ಹಚ್ಚಬೇಡಿ, ಕಾರಣ ಹುಡುಕಿ. ಸಡಿಲ ಬೆಲ್ಟ್ ಪುಲ್ಲಿಯ ಮೇಲೆ ಜಾರುತ್ತದೆ. ಆ ಉಜ್ಜುವಿಕೆಯ ಬಿಸಿಗೆ ಅದರ ಅಂಚು ಗಾಜಿನಂತೆ ನುಣುಪಾಗಿ ಇನ್ನಷ್ಟು ಜಾರುತ್ತದೆ. ಎಣ್ಣೆ ಬಿಟ್ಟರೆ ಹಿಡಿತ ಮತ್ತಷ್ಟು ಹೋಗುತ್ತದೆ, ರಬ್ಬರೂ ಉಬ್ಬಿ ಹಾಳಾಗುತ್ತದೆ.

ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ನೋಡಿ:

• ಬಿರುಕು, ಹೊಳಪು, ಎಣ್ಣೆ ಕಂಡರೆ ಬೆಲ್ಟ್ ಬದಲಿಸಿ. ಜೋಡಿ ಬೆಲ್ಟ್ ಇದ್ದರೆ ಎರಡನ್ನೂ ಒಟ್ಟಿಗೆ ಹಾಕಿಸಿ. ಎಣ್ಣೆ ಸೋರುವ ಜಾಗವನ್ನೂ ಸರಿಪಡಿಸಿ.
• ಬಿಗಿ ಕಂಪನಿ ಹೇಳಿದ ಅಳತೆಯಲ್ಲಿರಲಿ. ಅತಿ ಬಿಗಿಯಾದರೆ ಡೈನಮೋ, ವಾಟರ್ ಪಂಪ್ ಬೇರಿಂಗ್ ಸವೆಯುತ್ತದೆ.
• ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ, ಬೇರಿಂಗ್ ಸಲೀಸಾಗಿ ತಿರುಗುತ್ತದೆಯೇ ಎಂದು ಪರೀಕ್ಷಿಸಿ.
• ಹೊಸ ಬೆಲ್ಟ್ ಸ್ವಲ್ಪ ಓಡಿದ ಮೇಲೆ ಹಿಗ್ಗುತ್ತದೆ. ಬಿಗಿಯನ್ನು ಮತ್ತೊಮ್ಮೆ ನೋಡಿ.

ಹಳೆಯ ಲಾರಿಗಳಲ್ಲಿ ಸಾಮಾನ್ಯವಾಗಿ ಫ್ಯಾನ್, ವಾಟರ್ ಪಂಪ್ ತಿರುಗುವುದು ಇದೇ ಬೆಲ್ಟ್‌ನಿಂದ. ಕಲಬುರಗಿಯ ಬಿಸಿಲಲ್ಲಿ, ತುಂಬಿದ ಲೋಡಿನಲ್ಲಿ ಅದು ತುಂಡಾದರೆ ಎಂಜಿನ್ ಕಾದು ಸೀಜ್ ಆಗಬಹುದು. ಕೀಂ ಎಂಬ ಸದ್ದು ಅದರ ಮುನ್ಸೂಚನೆ. ಪೌಡರ್ ಹಾಕಿದರೆ ಮುಚ್ಚಿಹೋಗುವುದು ಆ ಮುನ್ಸೂಚನೆಯೇ.