ಆಟಿಕೆಗಳ ಶಿಲ್ಪಿ ಗುನ್ಪೇ ಯೊಕೊಯಿ

ಹೊಸದೆಲ್ಲವೂ ಉತ್ತಮವೆಂದೂ ಹಳೆಯದೆಲ್ಲವೂ ತ್ಯಾಜ್ಯವೆಂದೂ ಭಾವಿಸುವುದು ಯಂತ್ರಯುಗದ ಒಂದು ಸ್ವಭಾವ. ಇಂದು ಅಂಗಡಿಗೆ ಬಂದ ಉಪಕರಣ ನಾಳೆ ಹಳತಾಗುತ್ತದೆ; ನಾಡಿದ್ದು ಗುಜರಿಯ ರಾಶಿಯನ್ನು ಸೇರುತ್ತದೆ. ಇಂತಹ ಯುಗದಲ್ಲಿ, ಇತರರು ಹಳತೆಂದು ಕಡೆಗಣಿಸಿದ ವಸ್ತುಗಳಲ್ಲಿಯೇ ಹೊಸ ಉಪಯೋಗವನ್ನು ಕಂಡುಕೊಂಡು, ಕೋಟ್ಯಂತರ ಮಕ್ಕಳ ಕೈಗೆ ಸಂತೋಷವನ್ನಿತ್ತ ಎಂಜಿನಿಯರರೊಬ್ಬರು ಜಪಾನಿನಲ್ಲಿ ಬಾಳಿದರು. ಅವರೇ ಗುನ್ಪೇ ಯೊಕೊಯಿ.

ಯೊಕೊಯಿ ಅವರು 1941ರ ಸೆಪ್ಟೆಂಬರ್ 10ರಂದು ಕ್ಯೋಟೋ ನಗರದಲ್ಲಿ ಜನಿಸಿದರು. ಕ್ಯೋಟೋ ಜಪಾನಿನ ಹಿಂದಿನ ರಾಜಧಾನಿ. ದೇವಾಲಯಗಳಿಗೂ ಕರಕುಶಲ ಕಲೆಗಳಿಗೂ ಹೆಸರಾದ ಊರು. ಅಲ್ಲಿಯ ದೋಶಿಶಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ವಿಷಯವನ್ನು ಅಭ್ಯಾಸ ಮಾಡಿ, 1965ರಲ್ಲಿ ಅದೇ ನಗರದ ನಿಂಟೆಂಡೊ ಸಂಸ್ಥೆಯಲ್ಲಿ ಅವರು ಉದ್ಯೋಗಕ್ಕೆ ಸೇರಿದರು. 1889ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಮೂಲ ಕಸುಬು ಹನಾಫುದಾ ಎಂಬ ಎಲೆಗಳ ತಯಾರಿಕೆ. ವರ್ಷದ ಹನ್ನೆರಡು ತಿಂಗಳಿಗೆ ಒಂದೊಂದು ಹೂವು ಅಥವಾ ಗಿಡವನ್ನು ಚಿತ್ರಿಸಿದ 48 ಎಲೆಗಳ ಆಟವದು. ಎಲೆಗಳನ್ನು ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದೇ ಯೊಕೊಯಿ ಅವರಿಗೆ ದೊರೆತ ಕೆಲಸ.

ಯಂತ್ರಗಳು ಸರಿಯಾಗಿ ಓಡುತ್ತಿದ್ದಾಗ ಅವರಿಗೆ ಬಿಡುವು ಹೇರಳವಾಗಿತ್ತು. ಆ ಬಿಡುವಿನಲ್ಲಿ ಅವರು ತಮ್ಮ ಮನರಂಜನೆಗಾಗಿ ಒಂದು ವಿಚಿತ್ರವಾದ ಕೈಯನ್ನು ತಯಾರಿಸಿದರು. ಪಟ್ಟಿಗಳನ್ನು ಅಡ್ಡಡ್ಡವಾಗಿ ಜೋಡಿಸಿದ ಆ ಸಾಧನದ ಹಿಡಿಗಳನ್ನು ಕತ್ತರಿಯಂತೆ ಒತ್ತಿದರೆ, ಅದು ಮುಂದಕ್ಕೆ ಚಾಚಿಕೊಂಡು ದೂರದ ವಸ್ತುವನ್ನು ಹಿಡಿಯುತ್ತಿತ್ತು. ಸಂಸ್ಥೆಯ ಅಧ್ಯಕ್ಷರಾದ ಹಿರೋಶಿ ಯಮಾವುಚಿ ಅವರ ಕಣ್ಣಿಗೆ ಇದು ಬಿದ್ದಿತು. ಕೆಲಸದ ವೇಳೆಯಲ್ಲಿ ಆಟವಾಡಿದ್ದಕ್ಕೆ ದಂಡನೆಯಾಗಬಹುದಾಗಿತ್ತು. ಆದರೆ ಯಮಾವುಚಿ ಅವರು ಅದನ್ನೇ ಆಟಿಕೆಯನ್ನಾಗಿ ರೂಪಿಸಲು ಆಜ್ಞಾಪಿಸಿದರು. ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಿಂದ 1966ರಲ್ಲಿ ಮಾರಾಟಕ್ಕೆ ಬಂದ ಆ ಆಟಿಕೆ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಯಂತ್ರಗಳ ಪಾಲಕರಾಗಿದ್ದವರು ಆಟಿಕೆಗಳ ಶಿಲ್ಪಿಯಾದರು.

ಅಲ್ಲಿಂದ ಮುಂದೆ ಯೊಕೊಯಿ ಅವರ ಚಿಂತನೆಗೆ ಒಂದು ನಿಶ್ಚಿತ ದಾರಿ ಒದಗಿತು. ಹೊಸದಾಗಿ ಕಂಡುಹಿಡಿದ ವಸ್ತು ದುಬಾರಿಯಾಗಿರುತ್ತದೆ. ಅದರ ದೋಷಗಳು ಇನ್ನೂ ಬೆಳಕಿಗೆ ಬಂದಿರುವುದಿಲ್ಲ. ಹಲವು ವರ್ಷ ಬಳಕೆಯಲ್ಲಿದ್ದು ಕಳೆಗುಂದಿದ ವಸ್ತುವಾದರೋ ಅಗ್ಗವಾಗಿ ದೊರೆಯುತ್ತದೆ. ಅದರ ಗುಣಾವಗುಣಗಳೆಲ್ಲ ತಿಳಿದಿರುತ್ತವೆ. ಅಂತಹ ವಸ್ತುವನ್ನು ಯಾರೂ ಯೋಚಿಸದ ಕೆಲಸಕ್ಕೆ ಹಚ್ಚಬೇಕೆಂಬುದೇ ಅವರ ಸೂತ್ರ. 1970ರಲ್ಲಿ ಬಂದ ಬೆಳಕಿನ ಬಂದೂಕು ಇದಕ್ಕೆ ನಿದರ್ಶನ. ಬಿಸಿಲಿನಿಂದ ವಿದ್ಯುತ್ತನ್ನು ಪಡೆಯಲು ಬಳಸುತ್ತಿದ್ದ ಸೌರಕೋಶವನ್ನು ಅವರು ಗುರಿಹಲಗೆಯಲ್ಲಿ ಅಳವಡಿಸಿದರು. ಬಂದೂಕಿನಿಂದ ಹೊಮ್ಮಿದ ಬೆಳಕು ಸೌರಕೋಶಕ್ಕೆ ತಾಗಿದೊಡನೆ ಗುರಿ ಉರುಳುತ್ತಿತ್ತು. ಗುಂಡಿಲ್ಲದೆ, ಅಪಾಯವಿಲ್ಲದೆ ಮಕ್ಕಳು ಗುರಿಯಿಡುವ ಆಟವನ್ನು ಆಡಬಹುದಾಯಿತು.

ಒಮ್ಮೆ ಅವರು ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಬೇಸರಗೊಂಡ ಸಹಪ್ರಯಾಣಿಕರೊಬ್ಬರು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಹೊತ್ತು ಕಳೆಯುವುದನ್ನು ಕಂಡರು. ಅಂಗೈಯಲ್ಲಿ ಅಡಗುವ, ಇತರರಿಗೆ ಕಾಣದಂತೆ ಆಡಬಹುದಾದ ಆಟವೊಂದಿದ್ದರೆ ಹೇಗೆಂಬ ಆಲೋಚನೆ ಅವರಲ್ಲಿ ಮೂಡಿತು. ಆ ವೇಳೆಗೆ ಕ್ಯಾಲ್ಕುಲೇಟರ್ ತಯಾರಕರ ನಡುವೆ ತೀವ್ರ ಸ್ಪರ್ಧೆ ನಡೆದು, ಅದರ ಪರದೆಯೂ ಬಿಡಿಭಾಗಗಳೂ ಅಗ್ಗವಾಗಿದ್ದವು. ಅವುಗಳಿಂದಲೇ ಯೊಕೊಯಿ ಅವರು 1980ರಲ್ಲಿ ಗೇಮ್ ಅಂಡ್ ವಾಚ್ ಎಂಬ ಪುಟ್ಟ ಆಟದ ಯಂತ್ರವನ್ನು ಹೊರತಂದರು. ಕ್ಯಾಲ್ಕುಲೇಟರಿನಲ್ಲಿ ಅಂಕಿಗಳ ಗೆರೆಗಳು ಮೂಡಿ ಮರೆಯಾಗುವಂತೆಯೇ, ಇದರಲ್ಲಿ ಗೊಂಬೆಯ ಹಲವು ಭಂಗಿಗಳು ಒಂದಾದ ಮೇಲೊಂದು ಮೂಡಿ ಮರೆಯಾಗುತ್ತಿದ್ದವು; ನೋಡುವವರಿಗೆ ಗೊಂಬೆ ಚಲಿಸಿದಂತೆ ತೋರುತ್ತಿತ್ತು. ಆಟ ಮುಗಿದ ಮೇಲೆ ಅದೇ ಯಂತ್ರ ಗಡಿಯಾರವಾಗುತ್ತಿತ್ತು. ಈ ಸರಣಿಯ ಯಂತ್ರಗಳು 4 ಕೋಟಿಗೂ ಹೆಚ್ಚು ಮಾರಾಟವಾದವು.

ಇಷ್ಟು ಚಿಕ್ಕ ಯಂತ್ರದಲ್ಲಿ ಆಟದ ಗೊಂಬೆಯನ್ನು ನಾಲ್ಕು ದಿಕ್ಕಿಗೂ ನಡೆಸುವುದು ಹೇಗೆ? ದೊಡ್ಡ ಆಟದ ಯಂತ್ರಗಳಲ್ಲಿದ್ದ ಉದ್ದನೆಯ ಹಿಡಿಕೋಲಿಗೆ ಇಲ್ಲಿ ಸ್ಥಳವಿರಲಿಲ್ಲ. ಯೊಕೊಯಿ ಅವರು ಕೂಡಿಸುವ ಚಿಹ್ನೆಯ ಆಕಾರದ ಒಂದು ಗುಂಡಿಯನ್ನು ರಚಿಸಿದರು. ಹೆಬ್ಬೆರಳನ್ನು ಅದರ ಮೇಲಿಟ್ಟು ಬೇಕಾದ ಕಡೆಗೆ ಒತ್ತಿದರೆ ಸಾಕು. ಕಣ್ಣು ಪರದೆಯಿಂದ ಕದಲಬೇಕಾಗಿಲ್ಲ. 1982ರ ಡಾಂಕಿ ಕಾಂಗ್ ಆಟದಲ್ಲಿ ಮೊದಲು ಬಳಕೆಗೆ ಬಂದ ಈ ಗುಂಡಿ, ಮುಂದೆ ಜಗತ್ತಿನ ಬಹುಪಾಲು ಆಟದ ಯಂತ್ರಗಳ ಅಂಗವಾಯಿತು. ಅದನ್ನು ಒತ್ತುವ ಅಸಂಖ್ಯ ಬೆರಳುಗಳು ಅದರ ಕರ್ತೃವಿನ ಹೆಸರನ್ನು ಅರಿಯವು.

ಯೊಕೊಯಿ ಅವರ ಸೂತ್ರಕ್ಕೆ ನಿಜವಾದ ಪರೀಕ್ಷೆ ಒದಗಿದ್ದು ಗೇಮ್ ಬಾಯ್ ಯಂತ್ರದ ನಿರ್ಮಾಣದಲ್ಲಿ. ಒಂದೇ ಯಂತ್ರದಲ್ಲಿ ಆಟದ ಪೆಟ್ಟಿಗೆಗಳನ್ನು ಬದಲಾಯಿಸುತ್ತ ಹಲವು ಆಟಗಳನ್ನು ಆಡುವಂತಾಗಬೇಕೆಂಬುದು ಉದ್ದೇಶ. ಅವರು ಆರಿಸಿದ ಪರದೆ ಬಣ್ಣಗಳಿಲ್ಲದ್ದು. ಪಾಚಿಯಂತಹ ಹಸಿರಿನಲ್ಲಿ ನಾಲ್ಕು ಛಾಯೆಗಳನ್ನು ಮಾತ್ರ ತೋರಬಲ್ಲದ್ದು. ತನ್ನದೇ ಬೆಳಕೂ ಇಲ್ಲದ್ದು. ಬೆಲೆ ಕಡಿಮೆಯಾಗಿರಬೇಕು, ಸೆಲ್ಲುಗಳು ಬಹುಕಾಲ ಬಾಳಬೇಕು ಎಂಬುದು ಅವರ ನಿಲುವು. ಸಹೋದ್ಯೋಗಿ ಸತೋರು ಒಕಾಡಾ ಅವರಾದರೋ ಯಂತ್ರಕ್ಕೆ ಇನ್ನೂ ಹೆಚ್ಚಿನ ಸಾಮರ್ಥ್ಯವಿರಬೇಕೆಂದು ವಾದಿಸಿದರು. ಕೊನೆಗೆ ಯೊಕೊಯಿ ಅವರು ಒಕಾಡಾ ಅವರ ಮಾತಿಗೂ ಮನ್ನಣೆ ನೀಡಿದರು. ಸರಳವಾದ ಪರದೆಯೂ ಸಮರ್ಥವಾದ ಯಂತ್ರಭಾಗವೂ ಕೂಡಿದ ಗೇಮ್ ಬಾಯ್, 1989ರ ಏಪ್ರಿಲ್ 21ರಂದು 12,500 ಯೆನ್ ಬೆಲೆಗೆ ಜಪಾನಿನ ಮಾರುಕಟ್ಟೆಗೆ ಬಂದಿತು.

ಅದೇ ವರ್ಷ ಅಟಾರಿ ಸಂಸ್ಥೆಯ ಲಿಂಕ್ಸ್, ಮರುವರ್ಷ ಸೆಗಾ ಸಂಸ್ಥೆಯ ಗೇಮ್ ಗಿಯರ್ ಎಂಬ ಯಂತ್ರಗಳು ಸ್ಪರ್ಧೆಗಿಳಿದವು. ಅವುಗಳ ಪರದೆಗಳು ಬಣ್ಣಬಣ್ಣದಿಂದ ಬೆಳಗುತ್ತಿದ್ದವು. ಅಂಗಡಿಯ ಹಲಗೆಯ ಮೇಲೆ ಮೂರನ್ನೂ ಜೊತೆಗಿಟ್ಟು ನೋಡಿದವರಿಗೆ ಗೇಮ್ ಬಾಯ್ ಬಡವನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಯಂತ್ರಗಳು ಆರು ಸೆಲ್ಲುಗಳನ್ನು ಐದಾರು ಗಂಟೆಗಳೊಳಗೆ ಬರಿದುಮಾಡುತ್ತಿದ್ದವು. ಗೇಮ್ ಬಾಯ್ ನಾಲ್ಕು ಸೆಲ್ಲುಗಳಲ್ಲಿ ಹದಿನೈದು ಗಂಟೆಗೂ ಮೀರಿ ನಡೆಯುತ್ತಿತ್ತು, ಅಗ್ಗವಾಗಿತ್ತು, ಕೈಜಾರಿ ಬಿದ್ದರೂ ತಾಳಿಕೊಳ್ಳುವಷ್ಟು ಗಟ್ಟಿಯಾಗಿತ್ತು. ಅಮೆರಿಕದಲ್ಲಿ ಅದರ ಜೊತೆಗೆ ಟೆಟ್ರಿಸ್ ಆಟವನ್ನೂ ನೀಡಲಾಯಿತು. ರಷ್ಯಾದ ಅಲೆಕ್ಸಿ ಪಾಜಿಟ್ನೊವ್ ರಚಿಸಿದ, ಚೌಕಗಳನ್ನು ಜೋಡಿಸುವ ಆ ಆಟಕ್ಕೆ ಬಣ್ಣದ ಅಗತ್ಯವೇ ಇರಲಿಲ್ಲ. ಗೇಮ್ ಬಾಯ್ ಮತ್ತು ಅದರ ಬಣ್ಣದ ಆವೃತ್ತಿ ಸೇರಿ ಸುಮಾರು 11 ಕೋಟಿ 87 ಲಕ್ಷ ಯಂತ್ರಗಳು ಮಾರಾಟವಾದವು.

ಯಶಸ್ಸನ್ನು ಕಂಡವರಿಗೆ ಸೋಲೂ ತಪ್ಪಿದ್ದಲ್ಲ. 1995ರಲ್ಲಿ ಯೊಕೊಯಿ ಅವರು ವರ್ಚುವಲ್ ಬಾಯ್ ಎಂಬ ಯಂತ್ರವನ್ನು ರೂಪಿಸಿದರು. ಕಣ್ಣುಗಳನ್ನು ಅದಕ್ಕೆ ಒತ್ತಿಟ್ಟು ನೋಡಿದರೆ ಕತ್ತಲೆಯಲ್ಲಿ ಕೆಂಪು ಚಿತ್ರಗಳು ಆಳ ಅಗಲಗಳಿಂದ ಕೂಡಿದಂತೆ ಕಾಣುತ್ತಿದ್ದವು. ಅಗ್ಗವೂ ಮಿತವ್ಯಯಿಯೂ ಆದ ಕೆಂಪು ದೀಪಗಳನ್ನು ಅವರು ಇಲ್ಲಿಯೂ ತಮ್ಮ ಸೂತ್ರದಂತೆಯೇ ಆರಿಸಿದ್ದರು. ಆದರೆ ಅದನ್ನು ಕೈಯಲ್ಲಿ ಹಿಡಿದು ತಿರುಗುವಂತಿರಲಿಲ್ಲ. ಬಹಳ ಹೊತ್ತು ನೋಡಿದವರು ಕಣ್ಣುನೋವು, ತಲೆನೋವುಗಳೆಂದು ದೂರಿದರು. ಒಂದು ವರ್ಷ ತುಂಬುವುದರೊಳಗೆ ಅದರ ಮಾರಾಟ ನಿಂತುಹೋಯಿತು. ಆಡುವವನ ಸೌಖ್ಯವನ್ನು ಮರೆತರೆ ಯಾವ ಸೂತ್ರವೂ ಕಾಪಾಡದು ಎಂಬುದಕ್ಕೆ ಈ ಸೋಲೇ ಸಾಕ್ಷಿ.

1996ರಲ್ಲಿ, ಎರಡು ಸಣ್ಣ ಸೆಲ್ಲುಗಳಿಂದ ನಡೆಯುವ ಗೇಮ್ ಬಾಯ್ ಪಾಕೆಟ್ ಯಂತ್ರವನ್ನು ಪೂರ್ಣಗೊಳಿಸಿ, ಮೂವತ್ತೊಂದು ವರ್ಷಗಳ ಸೇವೆಯ ತರುವಾಯ ಯೊಕೊಯಿ ಅವರು ನಿಂಟೆಂಡೊ ಸಂಸ್ಥೆಯನ್ನು ಬಿಟ್ಟರು. ಸೋಲಿನ ಅವಮಾನದಿಂದಲೇ ಹೊರಟರೆಂದು ಹಲವರು ಆಡಿಕೊಂಡರು. ಅದು ನಿಜವಲ್ಲವೆಂದು ಅವರೇ ತಿಳಿಸಿದರು. ಕ್ಯೋಟೋದಲ್ಲಿಯೇ ಕೋಟೊ ಎಂಬ ಸ್ವಂತ ಸಂಸ್ಥೆಯನ್ನು ಕಟ್ಟಿ, ಬಂದಾಯ್ ಸಂಸ್ಥೆಗಾಗಿ ಮತ್ತೊಂದು ಕೈಯಂತ್ರದ ಕೆಲಸವನ್ನು ಕೈಗೊಂಡರು. ಅದು ಮುಗಿಯುವುದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1997ರ ಅಕ್ಟೋಬರ್ 4ರಂದು ಹೆದ್ದಾರಿಯಲ್ಲಿ ಅವರಿದ್ದ ಕಾರು ಮುಂದಿನ ವಾಹನಕ್ಕೆ ತಾಗಿತು. ಕೆಳಗಿಳಿದು ನೋಡುತ್ತಿದ್ದಾಗ ಮತ್ತೊಂದು ಕಾರು ಬಂದು ಬಡಿದು, ಐವತ್ತಾರನೆಯ ವಯಸ್ಸಿನಲ್ಲಿ ಅವರು ಅಸುನೀಗಿದರು. ಒಂದೇ ಸೆಲ್ಲಿನಿಂದ ನಡೆಯುವ ವಂಡರ್‌ಸ್ವಾನ್ ಯಂತ್ರ 1999ರಲ್ಲಿ ಹೊರಬಂದಾಗ, ಅದರ ಒಂದು ಆಟಕ್ಕೆ ಅವರ ನೆನಪಿಗಾಗಿ ಗುನ್ಪೇ ಎಂದೇ ಹೆಸರಿಡಲಾಯಿತು.

ಗೇಮ್ ಬಾಯ್ ತಯಾರಿಕೆ 2003ರಲ್ಲಿ ನಿಂತಿತು. ಆದರೂ ಅದರ ಆಟಗಳು ಅಳಿಯಲಿಲ್ಲ. ಒಂದು ಯಂತ್ರದ ನಡೆಯನ್ನು ಮತ್ತೊಂದು ಯಂತ್ರ ಅನುಕರಿಸುವಂತೆ ಮಾಡುವ ಎಮ್ಯುಲೇಟರ್ ಎಂಬ ತಂತ್ರಾಂಶದಿಂದ, ಇಂದಿನ ಕಂಪ್ಯೂಟರಿನಲ್ಲಿಯೂ ಅವುಗಳನ್ನು ಆಡಬಹುದು. ಇದು ಉಚಿತವೇ ಎಂಬ ವಿಷಯದಲ್ಲಿ ಹಳೆಯ ಯಂತ್ರಗಳ ಪ್ರೇಮಿಗಳಲ್ಲಿ ವಾದವುಂಟು. ಹಳೆಯ ಪೆಟ್ಟಿಗೆಗಳೊಳಗಿನ ಸೆಲ್ಲುಗಳು ಸಾಯುತ್ತಿವೆ, ಪರದೆಗಳು ಕೆಡುತ್ತಿವೆ, ಅನುಕರಣೆಯಿಲ್ಲದಿದ್ದರೆ ಆಟಗಳೇ ನಾಶವಾಗುತ್ತವೆ ಎಂಬುದು ಒಂದು ಪಕ್ಷ. ಆ ಮಂಕು ಪರದೆ, ಆ ಗುಂಡಿಯ ಸ್ಪರ್ಶ, ಓಡುವ ಚಿತ್ರದ ಹಿಂದೆ ಉಳಿಯುವ ಮಸುಕು ಇವೆಲ್ಲ ಕೂಡಿಯೇ ಆಟ ಎಂಬುದು ಇನ್ನೊಂದು ಪಕ್ಷ. ಆಟಗಳನ್ನು ಅನುಮತಿಯಿಲ್ಲದೆ ನಕಲು ಮಾಡುವುದು ರಚಿಸಿದವರ ಹಕ್ಕಿಗೆ ಧಕ್ಕೆ ತರುತ್ತದೆಂಬ ಮಾತೂ ಸತ್ಯ. 2023ರಲ್ಲಿ ನಿಂಟೆಂಡೊ ಸಂಸ್ಥೆಯೇ ತನ್ನ ಸ್ವಿಚ್ ಯಂತ್ರದಲ್ಲಿ ಗೇಮ್ ಬಾಯ್ ಆಟಗಳನ್ನು ಒದಗಿಸಿತು. ಉಜ್ವಲ ವರ್ಣಗಳ ಆ ಪರದೆಯ ಮೇಲೆ, ಬೇಕೆಂದವರಿಗೆ ಹಳೆಯ ಹಸಿರು ಛಾಯೆಯನ್ನೇ ಆರಿಸಿಕೊಳ್ಳುವ ಅನುಕೂಲವನ್ನೂ ಅದು ಕಲ್ಪಿಸಿತು.

ಬೆಲೆ ತಗ್ಗಿಸುವುದಕ್ಕಾಗಿ ಯೊಕೊಯಿ ಅವರು ಒಪ್ಪಿಕೊಂಡ ಕೊರತೆಯನ್ನು ಮುಂದಿನ ತಲೆಮಾರು ಅಕ್ಕರೆಯಿಂದ ಬಯಸುವಂತಾಯಿತು. ಬಣ್ಣವಿಲ್ಲದ ಆ ಯಂತ್ರ ಮಕ್ಕಳ ಜೇಬಿಗೆ ಹೊಂದಿತು, ಕೈಗೆ ಹೊಂದಿತು, ಬೇಸರದ ಹೊತ್ತಿಗೆ ಜೊತೆಯಾಯಿತು. ತನ್ನ ಬಳಿ ಇರುವ ಸಾಮಗ್ರಿಯ ಗುಣವನ್ನೂ ಮಿತಿಯನ್ನೂ ಚೆನ್ನಾಗಿ ಅರಿತು, ಯಾರಿಗಾಗಿ ಮಾಡುತ್ತಿದ್ದೇನೆ ಎಂಬುದನ್ನು ಮರೆಯದೆ ದುಡಿಯುವವನಿಗೆ ಹಳೆಯ ವಸ್ತುವೂ ಹೊಸ ಫಲವನ್ನು ಕೊಡುತ್ತದೆ. ಎಲೆಗಳ ಕಾರ್ಖಾನೆಯ ಬಿಡುವಿನ ವೇಳೆಯಲ್ಲಿ ಮೊಳೆತ ಯೊಕೊಯಿ ಅವರ ಬದುಕು ನಮಗೆ ಕಲಿಸುವ ಪಾಠವಿದು.